ನಕ್ಷೆಯಲ್ಲಿ ಇಲ್ಲದ ಕೆರೆ: ಸಗರಮಾಥಾ ಉದ್ಯಾನವನ್ನು ಅಳೆದ ಕತೆ

2024ರ ಆಗಸ್ಟ್ 16ರಂದು ನೇಪಾಳದ ಥಾಮೆ ಎಂಬ ಶೆರ್ಪಾ ಹಳ್ಳಿಗೆ ಮೇಲಿನ ಕಣಿವೆಯಿಂದ ಕಲ್ಲು, ಕೆಸರು, ನೀರು ಒಟ್ಟಿಗೆ ನುಗ್ಗಿದವು. ಮನೆಗಳು ಹೋದವು. ಶಾಲೆ, ಆರೋಗ್ಯ ಕೇಂದ್ರ ಹಾಳಾದವು. ಹಗಲು ಹೊತ್ತಾದ್ದರಿಂದ ಜನ ಓಡಿ ಪಾರಾದರು, ಪ್ರಾಣಹಾನಿ ಆಗಲಿಲ್ಲ. ತೇನ್‌ಸಿಂಗ್ ನೋರ್ಗೆ ಬಾಲ್ಯ ಕಳೆದ ಊರು ಅದು. ಎವರೆಸ್ಟ್ ಪ್ರದೇಶದ ಸಗರಮಾಥಾ ರಾಷ್ಟ್ರೀಯ ಉದ್ಯಾನದೊಳಗೇ ಇದೆ.

ನೀರು ಬಂದದ್ದು ಊರಿನ ಮೇಲ್ಗಡೆ ಇದ್ದ ಹಿಮನದಿಯ ಕೆರೆಗಳಿಂದ. ಸುದ್ದಿ ಓದಿದವರಿಗೆ ಮೊದಲು ಏಳುವ ಪ್ರಶ್ನೆ, ಅಲ್ಲಿ ಕೆರೆ ಯಾವಾಗಿನಿಂದ ಇತ್ತು ಅನ್ನುವುದು. ಇದಕ್ಕೆ ಉತ್ತರ ಬೇಕೆಂದರೆ ಉಪಗ್ರಹದ ಚಿತ್ರ ಸಾಲದು. ಉಪಗ್ರಹಗಳು ಭೂಮಿಯ ಫೋಟೋ ತೆಗೆಯಲು ಶುರು ಮಾಡಿದ್ದೇ 1960ರ ಸುಮಾರಿಗೆ. ಅದಕ್ಕೂ ಹಿಂದಿನದು ತಿಳಿಯಬೇಕಾದರೆ ಹಳೇ ನಕ್ಷೆ, ಹಳೇ ಫೋಟೋ ಬಿಚ್ಚಬೇಕು. ಬಿಚ್ಚುವ ಮುಂಚೆ ಆ ನಕ್ಷೆಯನ್ನು ಯಾರು, ಎಲ್ಲಿ ನಿಂತು, ಯಾವ ಉಪಕರಣದಿಂದ ಬರೆದರು ಅಂತ ಗೊತ್ತಿರಬೇಕು. ಇಲ್ಲದಿದ್ದರೆ ಅದರಲ್ಲಿನ ಖಾಲಿ ಜಾಗಕ್ಕೆ ತಪ್ಪು ಅರ್ಥ ಕಟ್ಟಿಬಿಡುತ್ತೇವೆ.

ಟೋಪೋ ನಕ್ಷೆ ಅಂದರೇನು?

ಬಸ್ ನಿಲ್ದಾಣದಲ್ಲಿ ತೂಗುಹಾಕುವ ನಕ್ಷೆಯಲ್ಲಿ ಯಾವ ಊರು ಎಲ್ಲಿದೆ ಅಂತ ಕಾಣುತ್ತದೆ. ನೆಲ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಅನ್ನುವುದು ಕಾಣುವುದಿಲ್ಲ. ಅದನ್ನೂ ತೋರಿಸುವುದು ಟೋಪೋ ನಕ್ಷೆ. ಚಪ್ಪಟೆ ಕಾಗದದ ಮೇಲೆ ಬೆಟ್ಟ ತೋರಿಸುವ ಉಪಾಯವೇ ಸಮೋನ್ನತಿ ರೇಖೆ. ಕಾಂಟೂರ್ ಅಂತಲೂ ಹೇಳುತ್ತಾರೆ.

ಬೇಸಿಗೆಯಲ್ಲಿ ಕೆರೆ ಇಳಿಯುವುದನ್ನು ನೆನಪಿಸಿಕೊಳ್ಳಿ. ನೀರು ಸ್ವಲ್ಪ ಇಳಿದು ನಿಂತಾಗ ದಂಡೆಯ ಮೇಲೆ ಒಂದು ಗೆರೆ ಬಿಡುತ್ತದೆ. ಇನ್ನಷ್ಟು ಇಳಿದಾಗ ಇನ್ನೊಂದು ಗೆರೆ. ಒಂದು ಗೆರೆಯ ಮೇಲೆ ಎಲ್ಲಿ ನಿಂತರೂ ಎತ್ತರ ಒಂದೇ. ದಂಡೆ ಕಡಿದಾಗಿದ್ದ ಕಡೆ ಗೆರೆಗಳು ಒತ್ತೊತ್ತಾಗಿರುತ್ತವೆ. ಇಳಿಜಾರು ನಿಧಾನವಿದ್ದ ಕಡೆ ದೂರದೂರ ಇರುತ್ತವೆ. ಇಡೀ ಬೆಟ್ಟ ನೀರಿನಲ್ಲಿ ಮುಳುಗಿದೆ, 40 ಮೀಟರ್ ಇಳಿದಾಗಲೆಲ್ಲ ನೀರು ಒಂದು ಗೆರೆ ಬಿಟ್ಟಿದೆ ಅಂದುಕೊಳ್ಳಿ. ಆ ಗೆರೆಗಳನ್ನು ಆಕಾಶದಿಂದ ನೋಡಿದಂತೆ ಬರೆದರೆ ಸಮೋನ್ನತಿ ರೇಖೆಗಳಾದವು.

ಎರಡನೆಯ ವಿಷಯ ಅಳತೆಯ ಪ್ರಮಾಣ, ಅಂದರೆ ಸ್ಕೇಲ್. 1:50,000 ಅಂದರೆ ನಕ್ಷೆಯ ಮೇಲಿನ 1 ಸೆಂ.ಮೀ. ನೆಲದ ಮೇಲೆ 500 ಮೀಟರ್. 200 ಮೀಟರ್ ಅಗಲದ ಒಂದು ಕೆರೆ ಇದೆ ಅನ್ನಿ. 1:25,000ರ ನಕ್ಷೆಯಲ್ಲಿ ಅದು 8 ಮಿ.ಮೀ., 1:50,000ರಲ್ಲಿ 4 ಮಿ.ಮೀ. ಹಳೇ ಕಾಲದ ‘4 ಮೈಲಿಗೆ 1 ಅಂಗುಲ’ದ ನಕ್ಷೆಯಲ್ಲಿ 1 ಮಿ.ಮೀ.ಗಿಂತಲೂ ಕಡಿಮೆ. ಪೆನ್ಸಿಲ್ ಚುಕ್ಕೆಯಷ್ಟು. ಅಂಥ ನಕ್ಷೆಯಲ್ಲಿ ಕೆರೆ ಇಲ್ಲ ಎಂದಾಕ್ಷಣ ನೆಲದ ಮೇಲೂ ಇರಲಿಲ್ಲ ಅನ್ನಲು ಆಗುವುದಿಲ್ಲ ಅಲ್ವಾ?

ಜಾಗದ ಬಗ್ಗೆ ಎರಡು ಮಾತು

ಸಗರಮಾಥಾ ರಾಷ್ಟ್ರೀಯ ಉದ್ಯಾನ ಆದದ್ದು 1976ರಲ್ಲಿ. 1979ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತಗ್ಗಿನ ಅಂಚು 2,845 ಮೀಟರ್‌ನಲ್ಲಿದೆ. ಮೇಲಿನ ಅಂಚು ಎವರೆಸ್ಟಿನ ತುದಿ. ನೇಪಾಳದ ಲೆಕ್ಕದಲ್ಲಿ ಉದ್ಯಾನದ ವಿಸ್ತೀರ್ಣ 1,148 ಚದರ ಕಿ.ಮೀ., ಯುನೆಸ್ಕೋ ಪಟ್ಟಿಯಲ್ಲಿ 1,244. ಒಂದೇ ಉದ್ಯಾನಕ್ಕೆ ಎರಡು ಅಂಕಿ!

174 ಕಿಲೋಮೀಟರ್ ದೂರದಿಂದ, ಹೆಬ್ಬೆರಳಿನಷ್ಟು

ಈ ಜಾಗದ ಮೊದಲ ನಿಖರ ಅಳತೆ ಮಾಡಿದವರು ಯಾರೂ ಅಲ್ಲಿಗೆ ಕಾಲಿಟ್ಟಿರಲಿಲ್ಲ. ನೇಪಾಳದ ಬಾಗಿಲು ಆಗ ಹೊರಗಿನವರಿಗೆ ಮುಚ್ಚಿತ್ತು. ಹಾಗಾಗಿ ಬ್ರಿಟಿಷರ ಕಾಲದ ಭಾರತದ ಸರ್ವೆಯವರು ಬಿಹಾರದ ಬಯಲಿನಲ್ಲಿ ನಿಂತು ಉತ್ತರಕ್ಕೆ ನೋಡಿದರು.

ಅವರ ಕೈಯಲ್ಲಿದ್ದ ವಿದ್ಯೆ ತ್ರಿಕೋನ ಸಮೀಕ್ಷೆ. ಶಾಲೆಯ ಗಣಿತವೇ ಇದು. ತ್ರಿಕೋನದ ಒಂದು ಬದಿಯ ಉದ್ದ, ಅದರ ಎರಡು ತುದಿಯ ಕೋನಗಳು ಗೊತ್ತಿದ್ದರೆ ಉಳಿದ ಎರಡು ಬದಿಗಳನ್ನು ನಡೆಯದೇ ಲೆಕ್ಕ ಹಾಕಬಹುದು. ಮೊದಲ ಬದಿಯನ್ನು ಮಾತ್ರ ನೆಲದ ಮೇಲೆ ಸರಪಳಿ ಎಳೆದು ಅಳೆಯಬೇಕು. ಅದಕ್ಕೆ ಆಧಾರ ರೇಖೆ ಅನ್ನುತ್ತಾರೆ. ಆಮೇಲೆ ಆ ತ್ರಿಕೋನದ ಬದಿಯ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಇಂಥ ಆಧಾರ ರೇಖೆ ಅಳೆದು ಕೆಲಸ ಶುರು ಮಾಡಿದರು. ಅದಕ್ಕೂ ಮುಂಚೆ, 1800ರಲ್ಲಿ, ಬೆಂಗಳೂರಿನ ಹತ್ತಿರ ಒಂದು ರೇಖೆ ಅಳೆದು ಕೈ ಪಳಗಿಸಿಕೊಂಡಿದ್ದರು. ಆ ತ್ರಿಕೋನಗಳ ಸರಪಳಿ ಕೊಂಡಿ ಮೇಲೆ ಕೊಂಡಿಯಾಗಿ ಹಿಮಾಲಯದ ಬುಡದವರೆಗೆ ಬೆಳೆಯಿತು. ಲ್ಯಾಂಬ್ಟನ್ ನಂತರ ಜಾರ್ಜ್ ಎವರೆಸ್ಟ್, ಅವರ ನಂತರ ಆಂಡ್ರ್ಯೂ ವಾ ಅದನ್ನು ನಡೆಸಿದರು.

1849ರಲ್ಲಿ ಜೇಮ್ಸ್ ನಿಕಲ್ಸನ್ ದೊಡ್ಡ ಥಿಯೊಡೊಲೈಟ್ ಇಟ್ಟುಕೊಂಡು ಆರು ಜಾಗಗಳಿಂದ ಒಂದು ಶಿಖರವನ್ನು ಗುರಿ ಹಿಡಿದರು. ಥಿಯೊಡೊಲೈಟ್ ಅಂದರೆ ಕೋನ ಅಳೆಯುವ ದುರ್ಬೀನು. ಹತ್ತಿರದ ಜಾಗವೇ ಶಿಖರದಿಂದ ಸುಮಾರು 174 ಕಿ.ಮೀ. ದೂರ. ಪಟ್ಟಿಯಲ್ಲಿ ಆ ಶಿಖರಕ್ಕಿದ್ದ ಹೆಸರು ಬರೀ ‘ಶಿಖರ 15’.

ಆ ದೂರದಿಂದ ಅಳೆಯುವುದು ಎಷ್ಟು ಕಷ್ಟ ಅಂತ ಲೆಕ್ಕ ಹಾಕಿಯೇ ನೋಡೋಣ. 174 ಕಿ.ಮೀ. ದೂರ ಹೋದರೆ ಭೂಮಿಯ ಬಾಗು ಬೆಟ್ಟದ ಕೆಳಗಿನ ಸುಮಾರು 2,400 ಮೀಟರನ್ನು ಮರೆ ಮಾಡುತ್ತದೆ. ಉಳಿದ ಭಾಗ ದಿಗಂತದಿಂದ 2 ಡಿಗ್ರಿಗಿಂತ ಸ್ವಲ್ಪ ಮೇಲಷ್ಟೇ ಏಳುತ್ತದೆ. ಕೈ ನೇರ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಅದರ ಅಗಲ ಎಷ್ಟೋ ಜಗತ್ತಿನ ಅತಿ ಎತ್ತರದ ಬೆಟ್ಟ ಅಲ್ಲಿಂದ ಕಾಣುತ್ತಿದ್ದದ್ದು ಅಷ್ಟೇ. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು ಒಂದು ಸೆಕೆಂಡ್. ಕೋನದಲ್ಲಿ ಒಂದೇ ಒಂದು ಸೆಕೆಂಡ್ ತಪ್ಪಿದರೂ ಶಿಖರದ ಎತ್ತರ 80 ಸೆಂ.ಮೀ.ಗಿಂತ ಜಾಸ್ತಿ ಆಚೀಚೆ ಆಗುತ್ತದೆ.

ಇದರ ಮೇಲೆ ಗಾಳಿಯ ಕಾಟ ಬೇರೆ. ನೀರಿನ ಲೋಟದಲ್ಲಿ ಚಮಚ ಮುರಿದ ಹಾಗೆ ಕಾಣುತ್ತದಲ್ಲ, ಹಾಗೆಯೇ ತೆಳು ಗಾಳಿಯಿಂದ ದಟ್ಟ ಗಾಳಿಗೆ ಬರುವ ಬೆಳಕು ಬಾಗುತ್ತದೆ. ಶಿಖರ ಇದ್ದುದಕ್ಕಿಂತ ಮೇಲೆ ಕಾಣುತ್ತದೆ. ಇಷ್ಟು ದೂರಕ್ಕೆ ಆ ಏರಿಕೆ ನೂರಾರು ಮೀಟರ್. ಬೆಳಗಿನ ಚಳಿಗೆ ಒಂದು ಥರ, ಮಧ್ಯಾಹ್ನದ ಬಿಸಿಗೆ ಇನ್ನೊಂದು ಥರ. ಇದನ್ನೆಲ್ಲ ಕಳೆದು ಕೂಡಿಸುವ ಲೆಕ್ಕದಲ್ಲಿ ಬಂಗಾಳದ ಗಣಿತಜ್ಞ ರಾಧಾನಾಥ್ ಸಿಕ್ದರ್ ಪಾತ್ರ ದೊಡ್ಡದು. ಅವರ ಹುದ್ದೆಗೆ ‘ಕಂಪ್ಯೂಟರ್’ ಅಂತಲೇ ಹೆಸರು. ಆಗ ಕಂಪ್ಯೂಟರ್ ಅಂದರೆ ಲೆಕ್ಕ ಹಾಕುವ ಮನುಷ್ಯ. 1852ರಲ್ಲಿ ಲೆಕ್ಕ ಕೂಡಿಬಂತು. ವಾ ಹತ್ತಾರು ಸಲ ತಾಳೆ ನೋಡಿ 1856ರಲ್ಲಿ 29,002 ಅಡಿ ಎಂದು ಪ್ರಕಟಿಸಿದರು. ಮೀಟರ್ ಲೆಕ್ಕದಲ್ಲಿ ಸುಮಾರು 8,840. ಇವತ್ತಿನ ಅಂಕಿಗೂ ಅದಕ್ಕೂ ಇರುವ ಅಂತರ 9 ಮೀಟರ್‌ನ ಆಸುಪಾಸು. ಹೆಬ್ಬೆರಳಿನಷ್ಟು ಕಂಡದ್ದನ್ನು ಅಳೆದು ಇಷ್ಟು ಹತ್ತಿರ ಬಂದರು!

ಅದೇ ಕಾಲದಲ್ಲಿ ಇನ್ನೊಂದು ವಿಚಿತ್ರ ಗೊತ್ತಾಯಿತು. ಗೋಡೆ ನೆಟ್ಟಗಿದೆಯಾ ಅಂತ ನೋಡಲು ಗಾರೆಯವರು ತೂಗುಗುಂಡು ಬಿಡುತ್ತಾರೆ. ಥಿಯೊಡೊಲೈಟನ್ನು ಸಮ ಮಾಡುವುದಕ್ಕೂ ಅದೇ ಆಧಾರ. ಗುಂಡು ನೇರ ಕೆಳಗೆ ತೂಗಬೇಕು. ಆದರೆ ಹಿಮಾಲಯದಂಥ ರಾಶಿ ಪಕ್ಕದಲ್ಲಿದ್ದರೆ ಅದು ಗುಂಡನ್ನು ತನ್ನ ಕಡೆಗೆ ಕೂದಲೆಳೆಯಷ್ಟು ಸೆಳೆಯುತ್ತದೆ. ಹಿಮಾಲಯಕ್ಕೆ ಹತ್ತಿರದ ಕಲಿಯಾನಾ ಮತ್ತು ಮಧ್ಯ ಭಾರತದ ಕಲಿಯಾನ್‌ಪುರದ ನಡುವಿನ ಅಕ್ಷಾಂಶದ ಅಂತರಕ್ಕೆ ನಕ್ಷತ್ರ ನೋಡಿ ಹಾಕಿದ ಲೆಕ್ಕಕ್ಕೂ ನೆಲದ ಮೇಲಿನ ಲೆಕ್ಕಕ್ಕೂ 5 ಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ ಬಂದಿತ್ತು. ಜಾನ್ ಪ್ರ್ಯಾಟ್ ಎಂಬ ಪಾದ್ರಿ ಹಿಮಾಲಯದ ಸೆಳೆತ ಎಷ್ಟಿರಬೇಕು ಅಂತ ಲೆಕ್ಕ ಹಾಕಿದಾಗ 15 ಸೆಕೆಂಡ್ ದಾಟಿತು. ಅಂದರೆ ಪರ್ವತ ಎಳೆಯಬೇಕಾದಷ್ಟು ಎಳೆಯುತ್ತಿರಲಿಲ್ಲ. ಬೆಟ್ಟಗಳ ಕೆಳಗೆ ಹಗುರ ಕಲ್ಲಿನ ಆಳವಾದ ಬೇರು ಇದೆ, ನೀರಿನಲ್ಲಿ ತೇಲುವ ಮಂಜುಗಡ್ಡೆಯ ಹಾಗೆ, ಎಂಬ ವಿಚಾರ ಹುಟ್ಟಿದ್ದು ಈ ತಾಳೆಯಾಗದ ಅಂಕಿಯಿಂದ.

ಜಪಮಾಲೆ ಎಣಿಸುತ್ತಾ ನಡೆದವರು

ಶಿಖರದ ತುದಿ ಎಲ್ಲಿದೆ ಅಂತ ಗೊತ್ತಾಯಿತು. ಅದರ ಬುಡದ ಕಣಿವೆ, ನದಿ, ಹಳ್ಳಿ ಮಾತ್ರ ಖಾಲಿಯೇ ಉಳಿದವು. ಅಲ್ಲಿಗೆ ಯುರೋಪಿನವರು ಹೋಗುವಂತಿರಲಿಲ್ಲ. ಆಗ ಸರ್ವೆ ಇಲಾಖೆ ಹಿಮಾಲಯದ ಕಡೆಯ ಜನರನ್ನೇ ತರಬೇತು ಮಾಡಿ ಯಾತ್ರಿಕರ, ವ್ಯಾಪಾರಿಗಳ ವೇಷದಲ್ಲಿ ಕಳಿಸಿತು. ಇವರಿಗೆ ‘ಪಂಡಿತರು’ ಅಂತ ಹೆಸರು ಬಿತ್ತು.

ಒಂದೇ ಅಳತೆಯ ಹೆಜ್ಜೆ ಇಡುವುದನ್ನು ಕಲಿಸುತ್ತಿದ್ದರು. ಜಪಮಾಲೆಯಲ್ಲಿ 108ರ ಬದಲು 100 ಮಣಿ. 100 ಹೆಜ್ಜೆಗೆ ಒಂದು ಮಣಿ ಸರಿಸಬೇಕು. ಒಂದು ಸುತ್ತು ಮುಗಿದರೆ 10,000 ಹೆಜ್ಜೆ. ನೋಡುವವರಿಗೆ ಜಪ, ಮಾಡುವವರಿಗೆ ಅಳತೆ. ಎತ್ತರ ತಿಳಿಯಲು ನೀರು ಕುದಿಸುತ್ತಿದ್ದರು. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಸಮುದ್ರದ ಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್ ಆದರೆ, 3,440 ಮೀಟರ್ ಎತ್ತರದಲ್ಲಿರುವ, ಈ ಪ್ರದೇಶದ ಪೇಟೆ ನಾಮ್ಚೆ ಬಜಾರ್‌ನಲ್ಲಿ 89ರ ಹತ್ತಿರ. ಥರ್ಮಾಮೀಟರ್ ಅದ್ದಿ ನೋಡಿದರೆ ಎತ್ತರ ಅಂದಾಜಾಗುತ್ತದೆ. ಹರಿ ರಾಮ್ ಎಂಬ ಪಂಡಿತ 1885ರಲ್ಲಿ ದೂಧ್ ಕೋಸಿ ನದಿಯ ಗುಂಟ ಏರಿ, ಈಗಿನ ಉದ್ಯಾನದ ನಡುವೆಯೇ ಹಾದು ಟಿಬೆಟ್ ಕಡೆಗೆ ದಾಟಿದರು. ಇಂಥ ಸಮೀಕ್ಷೆಯಿಂದ ಸಿಗುವುದು ದಾರಿಯ ಗೆರೆ ಮಾತ್ರ. ಅದರ ಎರಡೂ ಬದಿ ಕತ್ತಲೆ.

ಕ್ಯಾಮೆರಾ ಮಾಡಿದ ಉಪಕಾರ

1921ರಲ್ಲಿ ಮೊದಲ ಬ್ರಿಟಿಷ್ ಎವರೆಸ್ಟ್ ತಂಡ ಹೋದದ್ದು ಟಿಬೆಟ್ ಕಡೆಯಿಂದ, ಅಂದರೆ ಉತ್ತರದಿಂದ. ಅದರಲ್ಲಿ ಇಬ್ಬರು ಸರ್ವೆಯವರು, ಹೆನ್ರಿ ಮೋರ್ಸ್‌ಹೆಡ್ ಮತ್ತು ಕೆನಡಾದ ಆಲಿವರ್ ವೀಲರ್. ವೀಲರ್ ತಂದ ಹೊಸ ವಿಧಾನ ಫೋಟೋ ಸಮೀಕ್ಷೆ. ಕೆನಡಾದ ರಾಕಿ ಪರ್ವತಗಳಲ್ಲಿ ಅದು ಆಗಲೇ ಪಳಗಿತ್ತು. ವೀಲರ್ ತಂದೆಯೂ ಅಲ್ಲಿ ಅದೇ ಕೆಲಸ ಮಾಡಿದ್ದವರು.

ವಿಧಾನ ಹೀಗೆ. ಒಂದು ಕಣ್ಣು ಮುಚ್ಚಿ ಬೆರಳು ನೋಡಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಬೆರಳು ಜಾಗ ಬದಲಿಸಿದ ಹಾಗೆ ಕಾಣುತ್ತದೆ. ಬೆರಳು ಹತ್ತಿರ ಬಂದಷ್ಟೂ ನೆಗೆತ ಜಾಸ್ತಿ. ಎರಡು ಕಣ್ಣಿನ ಬದಲು ಎರಡು ಗುಡ್ಡ, ಬೆರಳಿನ ಬದಲು ಒಂದು ಶಿಖರ ಅಂದುಕೊಳ್ಳಿ. ಗೊತ್ತಿರುವ ಎರಡು ಜಾಗಗಳಿಂದ, ಕ್ಯಾಮೆರಾವನ್ನು ರಸಮಟ್ಟ ಇಟ್ಟು ಸಮ ಮಾಡಿ, ಒಂದೇ ಇಳಿಜಾರಿನ ಫೋಟೋ ತೆಗೆಯಬೇಕು. ಆಮೇಲೆ ಆಫೀಸಿನಲ್ಲಿ ಕೂತು ಎರಡೂ ಫೋಟೋದಲ್ಲಿ ಒಂದೇ ಬಂಡೆ ಹುಡುಕಿ ಗೆರೆ ಎಳೆದರೆ, ಗೆರೆಗಳು ಕೂಡುವ ಕಡೆ ಆ ಬಂಡೆ ಇದೆ. ಮೇಲೆ ಚಳಿಗಾಳಿಯಲ್ಲಿ ನಿಲ್ಲುವ ಹೊತ್ತು ಕಡಿಮೆ. ಮೋಡ ಸರಿಯುವವರೆಗೆ ಕಾಯುವುದು ಮಾತ್ರ ತಪ್ಪುವುದಿಲ್ಲ. ವೀಲರ್ ಮಳೆಗಾಲದಲ್ಲಿ ಅದೇ ಪಾಡು ಪಟ್ಟರು. ಆದರೆ ಉತ್ತರದಿಂದ ಎವರೆಸ್ಟಿಗೆ ದಾರಿಯಾದ ಪೂರ್ವ ರೊಂಗ್‌ಬುಕ್ ಹಿಮನದಿಯ ಬಾಯಿ ಸಿಕ್ಕಿದ್ದು ಅವರಿಗೇ. ಹತ್ತುವುದರಲ್ಲಿ ಹೆಸರುವಾಸಿಯಾಗಿದ್ದ ಜಾರ್ಜ್ ಮ್ಯಾಲೊರಿ ಆ ಕಿರಿದಾದ ಕಣಿವೆಯ ಮುಂದೆಯೇ ಹಾದುಹೋಗಿದ್ದರು.

ಗಡಿಯ ದಕ್ಷಿಣಕ್ಕೆ, ಅಂದರೆ ಈಗಿನ ಉದ್ಯಾನದ ಕಡೆ, ಪೂರ್ತಿ ನೆಲದ ಸಮೀಕ್ಷೆ ಆದದ್ದು 1924ರಿಂದ 1927ರಲ್ಲಿ. ಮಾಡಿದ್ದು ಸರ್ವೆ ಆಫ್ ಇಂಡಿಯಾ. ನೇಪಾಳದೊಳಗೆ ಭಾರತೀಯ ಸರ್ವೆಯರ್‌ಗಳಿಗೆ ಮಾತ್ರ ಅವಕಾಶ ಇತ್ತು. ನಕ್ಷೆಯ ಪ್ರಮಾಣ 4 ಮೈಲಿಗೆ 1 ಅಂಗುಲ. ನಮ್ಮ 200 ಮೀಟರ್ ಕೆರೆ ಚುಕ್ಕೆಯಾಗುವ ನಕ್ಷೆ ಇದೇ.

ಕಣಿವೆಯ ಮೂಲೆಮೂಲೆ ಕಾಣುವಂಥ ನಕ್ಷೆ ಬಂದದ್ದು ನೇಪಾಳ ಬಾಗಿಲು ತೆರೆದ ಮೇಲೆ. ಆಸ್ಟ್ರಿಯಾದ ಎರ್ವಿನ್ ಶ್ನೈಡರ್ 1955ರಲ್ಲಿ ಒಂದು ಪರ್ವತಾರೋಹಣ ತಂಡದ ಜೊತೆ ಈಗಿನ ಉದ್ಯಾನದ ಖುಂಬು ಕಣಿವೆಗೆ ಹೋಗಿ, ಫೋಟೋ ತೆಗೆಯುವ ಥಿಯೊಡೊಲೈಟನ್ನು ಗುಡ್ಡದಿಂದ ಗುಡ್ಡಕ್ಕೆ ಹೊತ್ತು ಸಮೀಕ್ಷೆ ಮಾಡಿದರು. 1957ರಲ್ಲಿ 1:25,000ರ ನಕ್ಷೆ ಅಚ್ಚಾಯಿತು. ಅದರಲ್ಲಿ ಬಂಡೆಗಳನ್ನು ಕೈಯಿಂದ ಬಿಡಿಸಿದ್ದಾರೆ. ಬಂಡೆಯ ಪ್ರತಿ ಮಡಿಕೆಗೂ ನೆರಳಿದೆ. ಕಡಿದಾದ ಗೋಡೆಯ ಮೇಲೆ ಸಮೋನ್ನತಿ ರೇಖೆಗಳು ಒಂದರ ಮೇಲೊಂದು ಬಿದ್ದು ಬರೀ ಮಸಿಯಾಗುತ್ತವೆ. ಅಂಥ ಕಡೆ ಚಿತ್ರಕಾರನ ಕೈಯೇ ಗತಿ. ಈ ಕತೆಯಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ನಕ್ಷೆ ಇದು.

ಮೇಲಿನಿಂದ ನೋಡಿದಾಗ

ಗುಡ್ಡದ ಮೇಲೆ ನಿಂತು ಫೋಟೋ ತೆಗೆದರೆ ಮುಂದಿನ ಗುಡ್ಡದ ಬೆನ್ನು ಕಾಣುವುದಿಲ್ಲ. ವಿಮಾನ ಆ ತೊಂದರೆ ಕಳೆಯಿತು. ಅಮೆರಿಕದ ಬ್ರಾಡ್‌ಫೋರ್ಡ್ ವಾಶ್‌ಬರ್ನ್ ನೇಪಾಳ ಮತ್ತು ಚೀನಾ ಎರಡೂ ಕಡೆಯ ಅನುಮತಿ ಪಡೆದು, 1984ರ ಡಿಸೆಂಬರ್‌ನಲ್ಲಿ ಲಿಯರ್‌ಜೆಟ್ ವಿಮಾನದಿಂದ ಫೋಟೋ ತೆಗೆಸಿದರು. ಒಂದು ಫೋಟೋದ ಅಂಚು ಮುಂದಿನದರ ಮೇಲೆ ಬರುವ ಹಾಗೆ ತೆಗೆಯುತ್ತಾ ಹೋಗಬೇಕು. ಎರಡು ಕಣ್ಣಿನ ತಂತ್ರವೇ, ನೋಡುವುದು ಆಕಾಶದಿಂದ ಅಷ್ಟೇ. 1:50,000ರ ಆ ನಕ್ಷೆ 1988ರ ನವೆಂಬರ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಜೊತೆ ಓದುಗರ ಕೈ ಸೇರಿತು. ಬಿಡಿಸಿದವರು ಸ್ವಿಸ್ ನಕ್ಷೆಕಾರರು. ಅವರ ಪದ್ಧತಿಯಲ್ಲಿ ಸಮೋನ್ನತಿ ರೇಖೆಯ ಬಣ್ಣವೂ ಮಾತಾಡುತ್ತದೆ. ಮಣ್ಣಿನ ಮೇಲೆ ಕಂದು, ಬಂಡೆಯ ಮೇಲೆ ಕಪ್ಪು, ಮಂಜುಗಡ್ಡೆಯ ಮೇಲೆ ನೀಲಿ. 1990ರ ದಶಕದಲ್ಲಿ ಫಿನ್ಲೆಂಡ್ ನೆರವಿನಿಂದ ನೇಪಾಳ ತನ್ನದೇ ಟೋಪೋ ಹಾಳೆಗಳನ್ನು ಮಾಡಿಸಿಕೊಂಡಿತು.

ಎತ್ತರದ ಅಂಕಿ ಯಾಕೆ ಬದಲಾಗುತ್ತಲೇ ಇರುತ್ತದೆ?

1856ರಲ್ಲಿ 8,840 ಇದ್ದದ್ದು 1950ರ ದಶಕದ ಭಾರತೀಯ ಸಮೀಕ್ಷೆಯಲ್ಲಿ 8,848 ಆಯಿತು. 1999ರಲ್ಲಿ ಜಿಪಿಎಸ್ ಇಟ್ಟು ಅಳೆದ ಅಮೆರಿಕದ ತಂಡ 8,850 ಅಂದಿತು. 2020ರ ಡಿಸೆಂಬರ್ 8ರಂದು ನೇಪಾಳ, ಚೀನಾ ಒಟ್ಟಾಗಿ ಹೇಳಿದ್ದು 8,848.86 ಮೀಟರ್. ಬೆಟ್ಟ ಬೆಳೆಯುತ್ತಿದೆ ನಿಜ, ಆದರೆ ಈ ಅಂತರಕ್ಕೆ ಅದೊಂದೇ ಕಾರಣ ಅಲ್ಲ. ತುದಿಯ ಹಿಮದ ಟೋಪಿ ಸೇರಿಸಬೇಕೋ, ಕೆಳಗಿನ ಬಂಡೆಯಷ್ಟೇ ಸಾಕೋ ಅನ್ನುವುದು ಒಂದು. ಸಮುದ್ರ ಮಟ್ಟ ಎಲ್ಲಿ ಅನ್ನುವುದು ಇನ್ನೊಂದು. ಸಮುದ್ರ ಬೆಟ್ಟದ ಕೆಳಗೆ ಇಲ್ಲವಲ್ಲ! ಇದ್ದಿದ್ದರೆ ಎಷ್ಟು ಎತ್ತರಕ್ಕೆ ನಿಲ್ಲುತ್ತಿತ್ತು ಅಂತ ಗುರುತ್ವ ಅಳೆದು ಊಹಿಸಬೇಕು. ತೂಗುಗುಂಡನ್ನು ಸೆಳೆದ ಅದೇ ಬೆಟ್ಟದ ರಾಶಿ ಆ ಊಹೆಯ ನೀರನ್ನೂ ಸೆಳೆಯುತ್ತದೆ.

ಹೆಸರಿನದೂ ಇಂಥದೇ ಕತೆ. ವಾ ಈ ಶಿಖರಕ್ಕೆ ತನ್ನ ಹಿಂದಿನ ಅಧಿಕಾರಿ ಎವರೆಸ್ಟ್ ಹೆಸರಿಟ್ಟರು. ಸ್ವತಃ ಎವರೆಸ್ಟರಿಗೇ ಅದು ಒಪ್ಪಿಗೆ ಇರಲಿಲ್ಲ. ಟಿಬೆಟಿಗರು, ಶೆರ್ಪಾಗಳು ಕರೆಯುವುದು ಚೊಮೊಲುಂಗ್ಮಾ. ಪಕ್ಕದ ಲ್ಹೋತ್ಸೆ ಅಂದರೆ ಬರೀ ‘ದಕ್ಷಿಣದ ಶಿಖರ’, ನುಪ್ತ್ಸೆ ಅಂದರೆ ‘ಪಶ್ಚಿಮದ ಶಿಖರ’.

ಹಾಗಾದರೆ ಕೆರೆ ಎಲ್ಲಿತ್ತು?

ಇದೇ ಉದ್ಯಾನದ ಇಮ್ಜಾ ಕೆರೆ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 5,000 ಮೀಟರ್ ಎತ್ತರದಲ್ಲಿದೆ. ಇವತ್ತು ಅದರ ಹರವು 1 ಚದರ ಕಿ.ಮೀ.ಗೂ ಜಾಸ್ತಿ. 1:50,000ರ ಹಾಳೆಯಲ್ಲಿ ಒಂದು ಅಂಚೆಚೀಟಿಯಷ್ಟು ನೀಲಿ. 1950ರ ದಶಕದ ಸಮೀಕ್ಷೆ, ಫೋಟೋಗಳಲ್ಲಿ ಅದೇ ಜಾಗದಲ್ಲಿ ಕಲ್ಲುಮಣ್ಣು ಹೊದ್ದ ಮಂಜುಗಡ್ಡೆ ಮತ್ತು ಕೆಲವು ಸಣ್ಣ ಹೊಂಡಗಳು ಮಾತ್ರ ಇವೆ. ಆ ಸಮೀಕ್ಷೆ ನಡೆದದ್ದು ಹತ್ತಿರದಿಂದ, ದೊಡ್ಡ ಪ್ರಮಾಣದಲ್ಲಿ, ಕ್ಯಾಮೆರಾ ಇಟ್ಟು. ಹಾಗಾಗಿ ಅಲ್ಲಿ ಕೆರೆ ಇಲ್ಲ ಅಂದರೆ ನಂಬಬಹುದು. 1920ರ ದಶಕದ ನಕ್ಷೆಯಲ್ಲಿ ಇಲ್ಲ ಅಂದರೆ ಅಷ್ಟು ಗಟ್ಟಿಯಾಗಿ ಹೇಳಲಾಗದು.

ಕೆರೆ ಹುಟ್ಟಿದ್ದು ಹೀಗೆ. ಹಿಮನದಿ ಹರಿಯುತ್ತಾ ಕಲ್ಲುಮಣ್ಣು ತಂದು ತನ್ನ ಮೂತಿಯ ಮುಂದೆ ದಿಬ್ಬ ಹಾಕುತ್ತದೆ. ಅದಕ್ಕೆ ಮೊರೇನ್ ಅಂತ ಹೆಸರು. ಮಂಜುಗಡ್ಡೆ ಕರಗಿ ಹಿಂದಕ್ಕೆ ಸರಿದಾಗ ದಿಬ್ಬಕ್ಕೂ ಅದಕ್ಕೂ ನಡುವೆ ಗುಂಡಿ ಉಳಿದು ನೀರು ತುಂಬುತ್ತದೆ. ಹೊಂಡಕ್ಕೆ ಹೊಂಡ ಸೇರಿ ಕೆರೆಯಾಗುತ್ತದೆ. ಏರಿ ಮಾತ್ರ ಯಾರೂ ಕಟ್ಟಿದ್ದಲ್ಲ, ಸುಮ್ನೆ ರಾಶಿ ಬಿದ್ದ ಸಡಿಲ ಕಲ್ಲು. ಮೇಲಿನಿಂದ ಹಿಮವೋ ಬಂಡೆಯೋ ಬಿದ್ದರೆ ಅಲೆ ಎದ್ದು ಏರಿ ಕೊಚ್ಚಿಹೋಗುತ್ತದೆ. 1985ರ ಆಗಸ್ಟ್ 4ರಂದು ಥಾಮೆಯ ಮೇಲಿನ ದಿಗ್ ತ್ಸೋ ಕೆರೆ ಹೀಗೇ ಒಡೆದು, ಮುಗಿಯುತ್ತಾ ಬಂದಿದ್ದ ಜಲವಿದ್ಯುತ್ ಘಟಕವನ್ನು ಒಯ್ದಿತು. ಇಮ್ಜಾದಲ್ಲಿ ಅಂಥದ್ದು ಆಗದಿರಲಿ ಅಂತ 2016ರಲ್ಲಿ ನೇಪಾಳದ ಸೇನೆ ಕಾಲುವೆ ತೋಡಿ ನೀರಿನ ಮಟ್ಟವನ್ನು 3 ಮೀಟರ್‌ಗೂ ಹೆಚ್ಚು ಇಳಿಸಿತು.

ಹಳೇ ಹಾಳೆ ಕೈಗೆ ಸಿಕ್ಕರೆ

ಮೊದಲು ಮೂಲೆ ನೋಡಿ. ಅಚ್ಚಾದ ವರ್ಷ ದೊಡ್ಡದಾಗಿ ಇರುತ್ತದೆ, ಸಮೀಕ್ಷೆಯ ವರ್ಷ ಸಣ್ಣದಾಗಿ. ಬೇಕಾದದ್ದು ಎರಡನೆಯದು. ನಾಮ್ಚೆಯ ಅಂಗಡಿಯಲ್ಲಿ ಹೊಸದಾಗಿ ಅಚ್ಚಾದ ಚಾರಣದ ನಕ್ಷೆ ಕೊಂಡರೂ ಅದರ ಗೆರೆಗಳು 30 ವರ್ಷ ಹಿಂದಿನ ವಿಮಾನ ಫೋಟೋದಿಂದ ಬಂದಿರಬಹುದು. ಆಮೇಲೆ ಗೆರೆಗಳನ್ನು ನೋಡಿ. ಅಖಂಡ ಗೆರೆ ಅಂದರೆ ಅಳೆದದ್ದು. ತುಂಡುತುಂಡು ಗೆರೆ ಸಾಮಾನ್ಯವಾಗಿ ದೂರದಿಂದ ಕಂಡು ಅಂದಾಜಿಗೆ ಎಳೆದದ್ದು. ಹಿಮನದಿಯ ಮೇಲೆ ಕಂಡರೆ ಯಾವ ಗೆರೆಯನ್ನೂ ಇವತ್ತಿನ ಎತ್ತರ ಅಂದುಕೊಳ್ಳಬೇಡಿ. ಆ ಮಂಜುಗಡ್ಡೆಯ ಮೇಲ್ಮೈ ಅಲ್ಲಿಂದ ಇಳಿದುಹೋಗಿರುತ್ತದೆ. ಎಷ್ಟು ಇಳಿದಿದೆ ಅಂತ ಲೆಕ್ಕ ಹಾಕಲು ಸಂಶೋಧಕರು ಉಪಗ್ರಹದ ಚಿತ್ರದ ಪಕ್ಕ ಈಗಲೂ ಹರಡಿಕೊಳ್ಳುವುದು ಶ್ನೈಡರ್ ಕಾಲದ ನಕ್ಷೆ, ಫೋಟೋಗಳನ್ನೇ.